ಔಷಧಿ ಕೊಡದೆ ವಾಪಸ್ ಕಳಿಸಿದ ಅಂಗಡಿ

ಕುಮಟೆಯಲ್ಲಿ ದನಕರುಗಳ ಔಷಧಿ ಮಾರುವ ಒಂದು ಸಣ್ಣ ಅಂಗಡಿಯಿದೆ. ಹೆಸರು ಹಾಕುವುದು ಬೇಡ ಎಂದು ಮಾಲೀಕರೇ ಹೇಳಿದ್ದರಿಂದ ಹಾಕಿಲ್ಲ. ಪೇಟೆಯಲ್ಲಿ ಆಕಳು, ಎಮ್ಮೆ ಸಾಕಿದ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಮೊದಲ ದಿನ ನಾನು ದುಡ್ಡು ಕೈಯಲ್ಲಿ ಹಿಡಿದು ನಿಂತಿದ್ದರೂ ಅವರು ನನಗೆ ಏನನ್ನೂ ಮಾರಲಿಲ್ಲ. ಆ ಒಂದು ಕಾರಣಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮ ಮನೆ ಇರುವುದು ಮಿರ್ಜಾನಿನ ಹತ್ತಿರ, ಹೊಳೆಯ ಉಪ್ಪುನೀರು ಹತ್ತುವ ಗಜನಿ ಗದ್ದೆಯ ಅಂಚಿಗೆ. 31 ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತಳಾದ ಮೇಲೆ ಕೋಳಿ ಸಾಕತೊಡಗಿದೆ. 11 ಹೇಂಟೆ, 2 ಹುಂಜ. ಅರ್ಧಕ್ಕಿಂತ ಹೆಚ್ಚು ಊರ ಕೋಳಿ, ಉಳಿದವು ಗಿರಿರಾಜ ತಳಿ. ಗೂಡಿನ ಗೋಡೆ, ಒಳಗೆ ಕೋಳಿಗಳು ರಾತ್ರಿ ಕೂರುವ ಅಡ್ಡ, ಎಲ್ಲ ಅಡಿಕೆ ಮರ ಸೀಳಿದ ದಬ್ಬೆಯದು. ಮೇಲೆ ಹಂಚು.

ಕಳೆದ ಏಪ್ರಿಲ್‌ನಲ್ಲಿ ನಮ್ಮ ಕೆಂಪು ಹೇಂಟೆ 11 ಮೊಟ್ಟೆಯ ಮೇಲೆ ಕಾವಿಗೆ ಕೂತಿತ್ತು. ಹಿಂದೆ ಮೂರು ಸಲ ಮರಿ ಎಬ್ಬಿಸಿದ ಹೇಂಟೆ. ಕಾವಿಗೆ ಕೂತರೆ ಕಾಳು ತಿನ್ನಲು ಒಂದು ಗಳಿಗೆ ಎದ್ದು ಬರುತ್ತದೆಯೇ ಹೊರತು ಆಚೀಚೆ ನೋಡುವುದಿಲ್ಲ. ಆ ಸಲ 15ನೇ ದಿನ ಎದ್ದು ಹೊರಗೆ ಬಂದದ್ದು ಮತ್ತೆ ಹೋಗಲೇ ಇಲ್ಲ. ಎತ್ತಿ ಕೂರಿಸಿದೆ, ಎದ್ದು ಬಂತು. ಇನ್ನೊಮ್ಮೆ ಕೂರಿಸಿದೆ, ಮತ್ತೆ ಬಂತು. ಇನ್ನು 6 ದಿನ ಕೂತಿದ್ದರೆ ಮರಿ ಆಗುತ್ತಿದ್ದವು. ಸಂಜೆ ಹೊತ್ತಿಗೆ ಮೊಟ್ಟೆ ತಣ್ಣಗಾಗಿದ್ದವು. ಹಾವು ಹೊಕ್ಕಿರಬೇಕು, ಇಲ್ಲವೇ ಮುಂಗುಸಿ ಬಂದಿರಬೇಕು ಎಂದುಕೊಂಡೆ. ಉಳಿದ ಕೋಳಿಗಳೂ ಕತ್ತಲಾದರೂ ಗೂಡಿಗೆ ಹೋಗದೆ ನುಗ್ಗೆ ಮರ ಏರಿ ಕೂರತೊಡಗಿದವು. ನಾನು ಕೋಲು ಹಿಡಿದು ಅವನ್ನು ಒಳಗೆ ಅಟ್ಟಿ ಬಾಗಿಲು ಹಾಕುತ್ತಿದ್ದೆ. ಯಾವುದರೊಳಗೆ ಅಟ್ಟಿದ್ದೆ ಎಂದು ಆಮೇಲೆ ತಿಳಿದಾಗ ಆದ ಸಂಕಟ ಈಗಲೂ ಹೋಗಿಲ್ಲ.

ಮೊಟ್ಟೆ ತೆಗೆಯಲು ಬುಟ್ಟಿಗೆ ಕೈ ಹಾಕಿದ ದಿನ ಮೊಣಕೈವರೆಗೂ ತುರಿಕೆ. ನೋಡಿದರೆ ಬೂದಿಯಂಥ ಕಣಗಳು ಚರ್ಮದ ಮೇಲೆ ಹರಿದಾಡುತ್ತಿವೆ. ಮೊದಲು ಹೋದದ್ದು ಬೇರೊಂದು ಅಂಗಡಿಗೆ. ‘ಕೋಳಿಗೆ ಹೇನು’ ಎಂದೆ. ಅವರು ತಲೆಯೆತ್ತದೆ ಒಂದು ಗಿಡಮೂಲಿಕೆ ಸ್ಪ್ರೇ ಬಾಟಲಿ, ಜೊತೆಗೆ ಒಂದು ಪುಡಿಯ ಪ್ಯಾಕೆಟ್ ಕೊಟ್ಟರು. ಸ್ಪ್ರೇಗೆ 280 ರೂಪಾಯಿ. ಒಂದು ವಾರ ದಿನವೂ ಹಗಲು ಹೊತ್ತು ಒಂದೊಂದೇ ಕೋಳಿ ಹಿಡಿದು ಹೊಡೆದೆ. ಕೋಳಿಗಳಿಗೆ ಲಿಂಬೆಹುಲ್ಲಿನ ವಾಸನೆ ಬಂತು, ಅಷ್ಟೇ. ಪುಡಿಯ ಪ್ಯಾಕೆಟ್ ಮೇಲೆ ಬರೆದದ್ದನ್ನು ಓದಿದರೆ ಅದು ತರಕಾರಿ ಬೆಳೆಗೆ ಹಾಕುವ ಕೀಟನಾಶಕ! ಬಳಸಲಿಲ್ಲ. ಬೆಳೆಗೆ ಹಾಕುವುದನ್ನು ಕೋಳಿಯ ಮೈಗೆ ಹಾಕಬಾರದು. ಕೋಳಿ ಕೊಕ್ಕಿನಿಂದ ಗರಿ ತಿದ್ದಿಕೊಳ್ಳುವಾಗ ಅದೆಲ್ಲ ಹೊಟ್ಟೆಗೇ ಹೋಗುತ್ತದೆ.

ಹಾಗೆ ಈ ಎರಡನೇ ಅಂಗಡಿಗೆ ಬಂದೆ. ಗಲ್ಲಾದಲ್ಲಿದ್ದವರು ನನ್ನ ಮಾತು ಪೂರ್ತಿ ಕೇಳಿದರು. ಆಮೇಲೆ ಕೇಳಿದ್ದು ಒಂದೇ.

‘ಅಕ್ಕೋರೆ, ರಾತ್ರಿ ಬ್ಯಾಟರಿ ಹಿಡ್ಕಂಡು ಗೂಡು ನೋಡಿದ್ರಾ?’

‘ಇಲ್ಲ’ ಎಂದೆ.

‘ಹಾಗಾದ್ರೆ ಇವತ್ತು ಔಷಧಿ ಬೇಡ. ರಾತ್ರಿ ಒಂಬತ್ತು ಗಂಟೆ ಮೇಲೆ ಹೋಗಿ ದಬ್ಬೆ ಅಡಿಗೆ ನೋಡಿ. ಒಂದು ಬಿಳೇ ಬಟ್ಟೆ ಹಿಡ್ಕಂಡು ಆ ಸಂದೀಲೆಲ್ಲ ಒರಸಿ. ಹಗಲಿಗೆ ಒಂದು ಕೋಳಿ ಹಿಡಿದು ಬಾಲದ ಅಡಿ ಗರಿ ಬಿಡಿಸಿ ನೋಡಿ. ಎರಡೂ ನೋಡ್ಕಂಡು ನಾಳೆ ಬನ್ನಿ.’

ನನಗೆ ಸ್ವಲ್ಪ ಬೇಜಾರೇ ಆಯಿತು. ಬಸ್ಸು ಹಿಡಿದು ಬಂದವಳು ಬರಿಗೈಲಿ ಹೋಗಬೇಕಲ್ಲ. ಆದರೆ ಆ ರಾತ್ರಿ ಕಂಡದ್ದನ್ನು ಯಾರು ಬಾಯಲ್ಲಿ ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ದಬ್ಬೆಯ ಒಳಮೈ ನಾರು ನಾರು, ಉದ್ದಕ್ಕೆ ಸೀಳು. ಆ ಸೀಳುಗಳಿಂದ ಕೆಂಪು ಸಾಲು ಕೋಳಿಗಳ ಕಾಲಿನ ಕಡೆಗೆ ಹರಿಯುತ್ತಿತ್ತು. ಹಳೆಯ ಬಿಳಿ ಪಂಚೆಯ ತುಂಡಿನಿಂದ ಒರಸಿದೆ. ಬಟ್ಟೆಯ ಮೇಲೆ ರಕ್ತದ ಗೀರು ಬಿತ್ತು. ನನ್ನ ಕೋಳಿಗಳ ರಕ್ತ ಅದು.

ಮಾರನೇ ದಿನ ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋದೆ. ಅವರು ಬಿಚ್ಚಿ ನೋಡಿ ‘ಕೆಂಪು ನುಸಿ’ ಎಂದರು. ಇದು ಕೋಳಿಯ ಮೈಮೇಲೆ ವಾಸ ಮಾಡುವುದಲ್ಲ. ಹಗಲೆಲ್ಲ ಗೂಡಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರಿ ಮತ್ತೆ ಸಂದಿಗೆ ಹೋಗುತ್ತದೆ. ಹಸಿದಾಗ ಬೂದಿ ಬಣ್ಣ, ಕುಡಿದ ಮೇಲೆ ಕೆಂಪು. ನಮ್ಮ ಕರಾವಳಿಯ ಸೆಕೆಗೆ ವಾರ, ಹತ್ತು ದಿನದಲ್ಲಿ ಮೊಟ್ಟೆಯಿಂದ ದೊಡ್ಡದಾಗಿ ಇನ್ನೊಂದು ತಲೆಮಾರು ತಯಾರು. ಕೋಳಿಯನ್ನು ಬೇರೆ ಕಡೆ ಇಟ್ಟು ಗೂಡು ಖಾಲಿ ಬಿಟ್ಟರೂ ತಿಂಗಳುಗಟ್ಟಲೆ ರಕ್ತವಿಲ್ಲದೆ ಬದುಕಿರುತ್ತದೆ. ನಾನು ಹಗಲಿಗೆ ಕೋಳಿಯ ಮೈಗೆ ಏನು ಹೊಡೆದರೂ ಅದಕ್ಕೆ ತಾಗುವಂತೆಯೇ ಇರಲಿಲ್ಲ. ಕಾವು ಕೂತ ಹೇಂಟೆ ಮಾತ್ರ ಹಗಲು ರಾತ್ರಿ ಅಲ್ಲೇ ಇರುತ್ತದೆ, ಅದಕ್ಕೆ ತಪ್ಪಿಸಿಕೊಳ್ಳಲು ಜಾಗವಿಲ್ಲ. 15 ದಿನ ಆ ಜೀವ ಹೇಗೆ ಕೂತಿತ್ತೋ.

ಹುಂಜನ ಬಾಲದ ಅಡಿಯಲ್ಲಿ ಕಂಡದ್ದು ಬೇರೆ ಸಮಾಚಾರ. ಹುಲ್ಲಿನ ಬಣ್ಣದ, ಚಪ್ಪಟೆ ಹುಳ, ಗರಿ ಬಿಡಿಸಿದ ಕೂಡಲೇ ಓಡುತ್ತಿದ್ದವು. ಗರಿಯ ಬುಡದಲ್ಲಿ ಬಿಳಿ ಮೊಟ್ಟೆ ಗಂಟುಗಟ್ಟಿತ್ತು. ಅದು ಹೇನು. ಹೇನಿಗೆ ಆರು ಕಾಲು, ದೊಡ್ಡ ನುಸಿಗೆ ಎಂಟು. ಹೇನಿನ ಇಡೀ ಸಂಸಾರ ಕೋಳಿಯ ಮೈಮೇಲೆಯೇ. ಮೈ ಬಿಟ್ಟರೆ ಹೆಚ್ಚು ದಿನ ಉಳಿಯುವುದಿಲ್ಲ. ಅಂದರೆ ಹೇನಿಗೆ ಕೋಳಿಗೆ ಹಚ್ಚಬೇಕು, ಕೆಂಪು ನುಸಿಗೆ ಗೂಡಿಗೆ ಹೊಡೆಯಬೇಕು. ನಾನು ಎರಡನ್ನೂ ‘ಹೇನು’ ಎಂದು ಒಂದೇ ಹೆಸರಿನಲ್ಲಿ ಕರೆಯುತ್ತಿದ್ದೆ. ನಮ್ಮ ಕಡೆ ಬಹಳ ಜನ ಹಾಗೇ ಕರೆಯುತ್ತಾರೆ, ಹಾಗಾಗಿಯೇ ಔಷಧಿ ಕೆಲಸ ಮಾಡುವುದಿಲ್ಲ.

ಆಗಲೂ ಅವರು ತಕ್ಷಣ ಬಾಟಲಿ ತೆಗೆಯಲಿಲ್ಲ. ಪಶು ಆಸ್ಪತ್ರೆಗೆ ಹೋಗಿ ಚೀಟಿ ತನ್ನಿ ಎಂದರು. ಅಲ್ಲಿಯ ಡಾಕ್ಟರು ಬರೆದದ್ದು ಡೆಲ್ಟಾಮೆಥ್ರಿನ್ 1.25 ಪ್ರತಿಶತದ ದ್ರಾವಣ. ಊರಲ್ಲಿ ದನದ ಉಣ್ಣೆಗೆ ಎಲ್ಲರೂ ‘ಬ್ಯೂಟಾಕ್ಸ್’ ಎಂದು ಕೇಳಿ ತರುತ್ತಾರಲ್ಲ, ಅದೇ ಔಷಧಿ. ನನಗೆ ಬರೆದ ಪ್ರಮಾಣ ಲೀಟರ್ ನೀರಿಗೆ 2 ಮಿ.ಲೀ. ನಿಮ್ಮ ಕೋಳಿಗೆ ನಿಮ್ಮ ಡಾಕ್ಟರನ್ನೇ ಕೇಳಿ. ಮರಿಗಳಿಗೆ ತಾಗಿಸಬಾರದು, ಮೊಟ್ಟೆ ಎಷ್ಟು ದಿನ ತಿನ್ನಬಾರದು ಎಂಬುದನ್ನೂ ಕೇಳಿಕೊಂಡೇ ಬನ್ನಿ. ನಾನು ಆ ದಿನಗಳ ಮೊಟ್ಟೆಯನ್ನೆಲ್ಲ ತೆಂಗಿನ ಬುಡದಲ್ಲಿ ಹೂತೆ. ಸಣ್ಣ ಬಾಟಲಿಗೆ ನೂರು ರೂಪಾಯಿಯೂ ಆಗಲಿಲ್ಲ.

ಈ ಅಂಗಡಿಗೆ ನಾನು ಪೂರ್ತಿ ಅಂಕ ಕೊಡುವುದು ಮುಂದಿನ ಕೆಲಸಕ್ಕೆ. ಔಷಧಿಯ ಡಬ್ಬಿಯ ಹಿಂದೆ ಸ್ಕೆಚ್ ಪೆನ್ನಿನಲ್ಲಿ ಮೂರು ತಾರೀಖು ಬರೆದುಕೊಟ್ಟರು. ಆ ದಿನದ್ದು, ಒಂದು ವಾರ ಬಿಟ್ಟು ಒಂದು, ಮತ್ತೆ ಒಂದು ವಾರ ಬಿಟ್ಟು ಇನ್ನೊಂದು. ಔಷಧಿ ನುಸಿಯನ್ನು ಕೊಲ್ಲುತ್ತದೆ, ಅದರ ಮೊಟ್ಟೆಯನ್ನಲ್ಲ. ಉಳಿದ ಮೊಟ್ಟೆ ಒಡೆದು ಬಂದ ಮರಿಗಳು ದೊಡ್ಡವಾಗಿ ಮೊಟ್ಟೆ ಇಡುವ ಮೊದಲು ಎರಡನೇ ಸಲ ಹೊಡೆಯಬೇಕು. ಮೊದಲ ಸಲ ಹೊಡೆದ ಮೂರನೇ ದಿನ ಗೂಡು ಎಷ್ಟು ಚೊಕ್ಕಟವಾಗಿತ್ತೆಂದರೆ ಸಾಕು ಅನ್ನಿಸಿತ್ತು. ಆ ತಾರೀಖು ಬರೆದ ಡಬ್ಬಿ ಅಡುಗೆಮನೆಯ ಕಿಟಕಿಯ ಮೇಲಿತ್ತು ಎಂದು ಎರಡನೇ ಸಲ ಹೊಡೆದೆ. ಹೊಡೆಯುವ ಮೊದಲು ಬಟ್ಟೆಯಿಂದ ಒರಸಿ ನೋಡಿದರೆ ಸಣ್ಣ ಸಣ್ಣ ಬಿಳಿ ನುಸಿ ಮತ್ತೆ ಎದ್ದಿದ್ದವು.

ಇನ್ನು ಔಷಧಿಯ ಬಗ್ಗೆ. ಕೆಲಸ ಮಾಡುತ್ತದೆ, ಸಂಶಯವಿಲ್ಲ. ಆದರೆ ಸುಮ್ಮನೆ ಗೂಡಿನೊಳಗೆ ಬೀಸಿದರೆ ಪ್ರಯೋಜನವಿಲ್ಲ. ನಾನು ಮೊದಲು ಗೊಬ್ಬರ, ದರಕು (ಒಣ ಎಲೆ) ಎಲ್ಲ ಕೆರೆದು ತೆಗೆದೆ. ಹಳೆಯ ಬುಟ್ಟಿಯನ್ನೂ ಕೂರುವ ದಬ್ಬೆಗಳನ್ನೂ ಬಚ್ಚಲ ಒಲೆಗೆ ಹಾಕಿದೆ. ಉಳಿದ ಸಂದಿಗಳಿಗೆ ಕುದಿಯುವ ನೀರು ಹೊಯ್ದು, ಒಣಗಿಸಿ, ಆಮೇಲೆ ಒಂದೊಂದೇ ಸೀಳಿನೊಳಗೆ ಹೋಗುವ ಹಾಗೆ ಔಷಧಿ ಹೊಡೆದೆ. ಪೂರ್ತಿ ಒಣಗುವವರೆಗೆ ಕೋಳಿಗಳನ್ನು ಒಳಗೆ ಬಿಡಲಿಲ್ಲ. ತೋಟಕ್ಕೆ ಮೈಲುತುತ್ತ ಹೊಡೆಯುವ ಪಂಪು ಬಳಸಬೇಡಿ, ಬೇರೆಯದೇ ಒಂದು ಸಣ್ಣ ಕೈಪಂಪು ಇಟ್ಟುಕೊಳ್ಳಿ. ಹುಂಜನಿಗೂ ಹೇನು ಕಂಡ ಎರಡು ಹೇಂಟೆಗಳಿಗೂ ಡಾಕ್ಟರು ತೋರಿಸಿದಂತೆ ಬಟ್ಟೆ ಅದ್ದಿ ರೆಕ್ಕೆಯಡಿ, ಬಾಲದಡಿ ಮಾತ್ರ ಹಚ್ಚಿದೆ. ಕೈಗವಸು ಹಾಕಿದ್ದೆ, ಮೂಗಿಗೆ ಬಟ್ಟೆ ಕಟ್ಟಿದ್ದೆ. ಆದರೂ ಬೆವರು ಒರೆಸಿಕೊಂಡ ಕೆನ್ನೆ ರಾತ್ರಿಯವರೆಗೆ ಜುಮುಜುಮು ಎನ್ನುತ್ತಿತ್ತು. ಆ ಔಷಧಿ ಚರ್ಮಕ್ಕೆ ತಾಗಿದರೆ ಹಾಗಾಗುತ್ತದಂತೆ.

ನನಗೆ ಹೆಚ್ಚು ಹೆದರಿಕೆ ಆದದ್ದು ನೀರಿನದು. ಡೆಲ್ಟಾಮೆಥ್ರಿನ್ ಮೀನಿಗೆ, ಸಿಗಡಿಗೆ, ಏಡಿಗೆ ಘೋರ ವಿಷ. ನಮ್ಮ ಹಿತ್ತಿಲ ಗಟಾರ ಹರಿಯುವುದು ಗಜನಿಗೆ, ಗಜನಿಯ ನೀರು ಅಘನಾಶಿನಿ ಹೊಳೆಗೆ. ಅಲ್ಲಿ ಸಿಗಡಿ ಹಿಡಿದು, ಬೆಳಚು (ಚಿಪ್ಪಿನ ಜೀವಿ) ಹೆಕ್ಕಿ ಬದುಕುವ ಮನೆಗಳ ಮಕ್ಕಳಿಗೆ ನಾನು ಅಕ್ಷರ ಕಲಿಸಿದ್ದೇನೆ. ಅಂಗಡಿಯವರು ಈ ಮಾತು ತಾವಾಗಿ ಹೇಳಲಿಲ್ಲ, ನಾನು ಕೇಳಿದ ಮೇಲೆ ಹೇಳಿದರು. ಅವರಲ್ಲಿ ನನಗೆ ಕಂಡ ಕೊರತೆ ಇದೊಂದೇ. ಕರಾವಳಿಯಲ್ಲಿ ಈ ಬಾಟಲಿ ಮಾರುವ ಪ್ರತಿಯೊಬ್ಬರೂ ಕೇಳದೆಯೇ ಹೇಳಬೇಕು. ಬೇಕಾದಷ್ಟೇ ಕಲಸಿ, ಪಂಪು ತೊಳೆದ ನೀರನ್ನು ಗಟಾರಕ್ಕೂ ಬಾವಿಯ ಹತ್ತಿರಕ್ಕೂ ಬಿಡದೆ ಗೂಡಿನ ಗೋಡೆಗೇ ಹೊಡೆದು ಮುಗಿಸಿದೆ. ಮಳೆಗೆ ತೊಳೆದುಹೋಗಬಾರದೆಂದು ಮಿರಗ (ಮೃಗಶಿರಾ ಮಳೆ) ಹಿಡಿಯುವ ಮೊದಲೇ ಮೂರೂ ಸಲ ಮುಗಿಯುವ ಹಾಗೆ ನೋಡಿಕೊಂಡೆ. ಬೆಕ್ಕನ್ನು ಎರಡು ದಿನ ಒಳಗೇ ಕೂಡಿ ಹಾಕಿದೆ, ಈ ಜಾತಿಯ ಔಷಧಿ ಬೆಕ್ಕಿಗೆ ಆಗದು. ಶಿರಸಿಯಲ್ಲಿರುವ ಮಗಳು ಫೋನಿನಲ್ಲಿ ಮೊದಲು ಕೇಳಿದ್ದೇ ‘ಅಮ್ಮ, ಜೇನು ಬರುವ ಹೊತ್ತಿಗೆ ಹೊಡೀಲಿಲ್ಲ ಅಲ್ದ?’ ಎಂದು. ಅವಳ ಮನೆಯಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿವೆ. ಜೇನಿಗೂ ಇದು ವಿಷವೇ. ಮೂರೂ ಸಲ ಹೊತ್ತು ಕಂತಿದ ಮೇಲೆ ಹೊಡೆದೆ.

ಇನ್ನೊಂದು ಸಂಗತಿ. ನಮ್ಮ ಮುದಿ ಕರಿ ಹೇಂಟೆಯ ಕಾಲು ತುಂಬ ದಿನದಿಂದ ಒರಟಾಗಿ, ಪರೆ ಎದ್ದು ದಪ್ಪಗಾಗಿತ್ತು. ವಯಸ್ಸಾಯಿತು ಎಂದುಕೊಂಡಿದ್ದೆ. ಪರೆಯಡಿ ಹೊಕ್ಕು ಕೂರುವ ನುಸಿಯೇ ಬೇರೆ ಇದೆಯಂತೆ. ಅದಕ್ಕೂ ಔಷಧಿ ಕೊಡಿ ಎಂದು ಅಂಗಡಿಯವರನ್ನು ಕೇಳಿದರೆ ‘ಮನೇಲಿ ವ್ಯಾಸಲೀನ್ ಇಲ್ವಾ?’ ಎಂದರು. ಉಗುರು ಬೆಚ್ಚಗಿನ ಸಾಬೂನು ನೀರಿನಲ್ಲಿ ಕಾಲು ನೆನೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಗುರಕ್ಕೆ ಉಜ್ಜಿ, ಒರಸಿ, ವ್ಯಾಸಲೀನ್ ದಪ್ಪಗೆ ಬಳಿಯಬೇಕು. ಪರೆಯಡಿಯ ನುಸಿ ಉಸಿರುಗಟ್ಟಿ ಸಾಯುತ್ತದೆ. ಪರೆಯನ್ನು ಕಿತ್ತು ತೆಗೆಯಬಾರದು, ರಕ್ತ ಬರುತ್ತದೆ. ನಮ್ಮ ಅಮ್ಮ ಇದಕ್ಕೆ ಚಿಮಣಿ ಎಣ್ಣೆ ಹಚ್ಚುತ್ತಿದ್ದಳು. ಅದು ಚರ್ಮ ಸುಡುತ್ತದೆ, ಬೇಡ. ಪಕ್ಕದ ಮನೆಯವರು ದಬ್ಬೆಗೆ ಗೇರು ಸಿಪ್ಪೆಯ ಎಣ್ಣೆ ಬಳಿಯಿರಿ ಎಂದದ್ದನ್ನೂ ಅದೇ ಭಯಕ್ಕೆ ಬಿಟ್ಟೆ. ಕರಿ ಹೇಂಟೆಯ ಕಾಲು ಸರಿಹೋಗಲು ಎರಡು ತಿಂಗಳು ಹಿಡಿಯಿತು. ಹಳೆಯ ಪರೆ ಉದುರಿ ಹೊಸದು ಬರುವಷ್ಟು ದಿನ ಕಾಯಲೇಬೇಕು.

ಬೆಂಗಳೂರಿನ ಮಗ ನುಸಿಗೆಂದು ಡಯಾಟಮ್ ಮಣ್ಣು ಎಂಬ ಬಿಳಿ ಪುಡಿ ತರಿಸಿ ಕಳಿಸಿದ್ದ. ಅದು ಒಣಗಿದ್ದರೆ ಮಾತ್ರ ಕೆಲಸ ಮಾಡುವುದು. ನಮ್ಮ ಜೂನ್, ಜುಲೈ ಗಾಳಿಯಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಆ ಪುಡಿ ಎಲ್ಲಿ ಒಣಗೀತು. ಅದಕ್ಕಿಂತ ಮಾಡಿನ ಕೆಳಗೆ ಹಳೆಯ ಟೈರಿನಲ್ಲಿ ಒಣ ಮರಳು, ಬಚ್ಚಲ ಒಲೆಯ ಬೂದಿ ಕಲಸಿ ಇಟ್ಟದ್ದು ಎಷ್ಟೋ ಪಾಲು ಒಳ್ಳೆಯದು. ಕೋಳಿಗಳು ದಿನವೂ ಹೊರಳಾಡಿ ಮೈ ಕೊಡವುತ್ತವೆ, ಆಮೇಲೆ ಹೇನು ಕಂಡಿಲ್ಲ. ಸಂದಿಯ ಕೆಂಪು ನುಸಿಗೆ ಮಾತ್ರ ಬೂದಿ ಸಾಲದು.

ಈಗ ಗೂಡಿನಲ್ಲಿ ಕೂರುವ ಅಡ್ಡ ದಬ್ಬೆಯದಲ್ಲ. ಸಿಪ್ಪೆ ತೆಗೆದು ನುಣ್ಣಗೆ ಕೆತ್ತಿಸಿದ ಎರಡು ದುಂಡು ಕೋಲು, ಬೇಕೆಂದಾಗ ಎತ್ತಿ ತೆಗೆದು ಬಿಸಿಲಿಗಿಡಬಹುದು. ಗೋಡೆಗೆ ಸುಣ್ಣ. ಶನಿವಾರ ರಾತ್ರಿ ಬ್ಯಾಟರಿ, ಬಿಳಿ ಬಟ್ಟೆ ಹಿಡಿದು ಹೋಗುತ್ತೇನೆ. ಕೋಳಿಗಳ ಜುಟ್ಟಿನ ಕೆಂಪು ಮರಳಿ ಬಂದಿದೆ. ನವೆಂಬರ್‌ನಲ್ಲಿ ಆ ಕೆಂಪು ಹೇಂಟೆ 9 ಮೊಟ್ಟೆಯ ಮೇಲೆ ಕೂತು, 21ನೇ ದಿನ 8 ಮರಿ ಎಬ್ಬಿಸಿತು.

ಅಂಗಡಿಗೆ ಹೋಗುವವರಿಗೆ: ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿರುತ್ತಾರೆ, ಬೆಳಿಗ್ಗೆ ಹೋಗಿ. ಒಳಗೆ ಇಬ್ಬರು ನಿಲ್ಲುವಷ್ಟೇ ಜಾಗ. ಎಷ್ಟು ಕೋಳಿ, ಮರಿ ಇವೆಯೋ ಇಲ್ಲವೋ, ಗೂಡು ಯಾತರದ್ದು ಎಂದು ಹೇಳಲು ತಯಾರಿರಿ. ಹಿಂದಿನ ರಾತ್ರಿ ಗೂಡು ಒರಸಿದ ಬಟ್ಟೆಯನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿಕೊಂಡು ಹೋಗಿ, ಅವರು ಮೊದಲು ಕೇಳುವುದೇ ಅದನ್ನು.