ಹಾಲಿನ ಚೀಟಿಗೆ ಸರಿಯಾದ ತಾರೀಕು: ಪವರ್ ಕ್ವೆರಿ ಬಳಸಿ ನೋಡಿದ್ದು

ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ಲೆಕ್ಕ ಬರೆಯುವವಳು ನಾನು. ಬೆಳಗ್ಗೆ ಸುಮಾರು 130 ಮಂದಿ ಹಾಲು ಹಾಕುತ್ತಾರೆ, ಸಂಜೆಯೂ ಹೆಚ್ಚುಕಡಿಮೆ ಅಷ್ಟೇ ಮಂದಿ. ನಮ್ಮಲ್ಲಿ ಹದಿನೈದು ದಿನಕ್ಕೊಮ್ಮೆ ಬಟವಾಡೆ. ಆ ದಿನ ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಹೋಗಬೇಕು: ಯಾವ ದಿನ, ಯಾವ ಹೊತ್ತು, ಎಷ್ಟು ಲೀಟರ್, ಫ್ಯಾಟ್ ಎಷ್ಟು, ದುಡ್ಡು ಎಷ್ಟು. ಹಾಲು ಅಳೆಯುವ ಯಂತ್ರ ಇದೆಲ್ಲವನ್ನೂ ಒಂದು ಸಿಎಸ್‌ವಿ ಕಡತದಲ್ಲಿ, ಅಂದರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಬರೀ ಅಕ್ಷರದ ಸಾಲುಗಳಾಗಿ, ಕೊಡುತ್ತದೆ. ಅದನ್ನು ಜನ ಓದುವ ಚೀಟಿಯಾಗಿ ಮಾಡಲು 2024ರ ಜುಲೈಯಿಂದ ಎಕ್ಸೆಲ್ ಒಳಗಿರುವ, ಹೊರಗಿನ ಕಡತವನ್ನು ತಂದು ಬೇಕಾದ ರೂಪಕ್ಕೆ ತರುವ ಪವರ್ ಕ್ವೆರಿ ಎಂಬ ಸಾಧನವನ್ನು ಬಳಸುತ್ತಿದ್ದೇನೆ. ಅದರಲ್ಲಿ ಮಾಡಬಹುದಾದದ್ದು ಬೇಕಾದಷ್ಟಿದೆ. ನಾನು ಇಲ್ಲಿ ಬರೆಯುತ್ತಿರುವುದು ಒಂದೇ ಕೆಲಸದ ಬಗ್ಗೆ: ಅದರಲ್ಲಿ ಸೂತ್ರ ಬರೆಯಲು ಇರುವ ‘ಎಂ’ ಎಂಬ ಭಾಷೆಯಲ್ಲಿ ತಾರೀಕನ್ನೂ ಸಮಯವನ್ನೂ ಅಕ್ಷರರೂಪಕ್ಕೆ ತರುವ ಡೇಟ್‌ಟೈಮ್.ಟುಟೆಕ್ಸ್ಟ್ ಎಂಬ ಫಂಕ್ಷನ್.

ಮೊದಲೇ ಹೇಳಿಬಿಡುತ್ತೇನೆ, ಕನ್ನಡದಲ್ಲಿ ಚೀಟಿ, ರಸೀದಿ, ನೋಟಿಸು ಕೊಡಬೇಕಾದ ಯಾರಿಗೇ ಆಗಲಿ ಇದು ದೊಡ್ಡ ಅನುಕೂಲ. ಆದರೆ ಇದು ಒಂದೊಂದು ಅಕ್ಷರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಭಾಷೆ. ನಾನು ಅದನ್ನು ಕಷ್ಟಪಟ್ಟು ಕಲಿತೆ.

ತಾರೀಕನ್ನು ಚೆನ್ನಾಗಿ ಬರೆಸುವ ಮೊದಲು ಅದನ್ನು ಸರಿಯಾಗಿ ಓದಿಸಬೇಕು. ನಮ್ಮ ಯಂತ್ರ 03/07/2024 ಎಂದು ಕೊಟ್ಟರೆ ಅದು ಜುಲೈ 3. ಸಂಘದ ಕಂಪ್ಯೂಟರಿನಲ್ಲಿ ಪ್ರದೇಶದ ಜಾಗದಲ್ಲಿ ಅಮೆರಿಕ ಎಂದಿತ್ತು, ಅಲ್ಲಿ ತಿಂಗಳನ್ನು ಮೊದಲು ಬರೆಯುತ್ತಾರೆ, ಆದ್ದರಿಂದ ಪವರ್ ಕ್ವೆರಿ ಅದನ್ನು ಮಾರ್ಚ್ 7 ಎಂದು ಓದಿತು. ಮೊದಲ ಹದಿನೈದು ದಿನಗಳ ಪಟ್ಟಿ ತೆರೆದು ನೋಡಿದರೆ ಜನವರಿ 7, ಫೆಬ್ರವರಿ 7, ಮಾರ್ಚ್ 7 ಎಂದು ವರ್ಷದ ಹನ್ನೆರಡು ತಿಂಗಳೂ ಸಾಲಾಗಿ ನಿಂತಿದ್ದವು. ಜುಲೈ 7 ಒಂದೇ ಸರಿ ಇತ್ತು, ಅದನ್ನು ಹೇಗೆ ತಿರುಗಿಸಿ ಓದಿದರೂ ಅದೇ. 13, 14, 15ನೇ ತಾರೀಕುಗಳ ಜಾಗದಲ್ಲಿ ಎರರ್ ಎಂದು ಬಂದಿತ್ತು, ಹದಿಮೂರನೆಯ ತಿಂಗಳು ಇಲ್ಲವಲ್ಲ. ಕಡತ ತೆರೆದಾಗ ಯಾವ ಕಂಬಸಾಲಿನಲ್ಲಿ (ಕಾಲಂನಲ್ಲಿ) ಏನಿದೆ ಎಂದು ತೀರ್ಮಾನಿಸಲು ಪವರ್ ಕ್ವೆರಿ ಸಾಮಾನ್ಯವಾಗಿ ಮೊದಲ 200 ಸಾಲುಗಳನ್ನು ಮಾತ್ರ ನೋಡುತ್ತದೆ. ನಮ್ಮಲ್ಲಿ 200 ಸಾಲು ಎಂದರೆ ಒಂದನೇ ತಾರೀಕಿನ ಬೆಳಗ್ಗೆ ಮತ್ತು ಸಂಜೆಗೇ ಮುಗಿದುಹೋಯಿತು, ಹದಿಮೂರನೇ ತಾರೀಕು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಪರಿಹಾರ ಸುಲಭ. ಅದು ತಾನಾಗಿಯೇ ಸೇರಿಸಿದ ‘ಚೇಂಜ್ಡ್ ಟೈಪ್’ ಹಂತವನ್ನು ಅಳಿಸಿ, ಕಂಬಸಾಲಿನ ಮೇಲೆ ಬಲಗಡೆಯ ಗುಂಡಿ ಒತ್ತಿ, ‘ಯೂಸಿಂಗ್ ಲೊಕೇಲ್’ ಆರಿಸಿ, ಇಂಗ್ಲಿಷ್ (ಭಾರತ) ಎಂದು ಕೊಡಬೇಕು. ಎರರ್ ಬಂದ ಸಾಲುಗಳೇ ನನ್ನನ್ನು ಉಳಿಸಿದವು. ಹನ್ನೆರಡರೊಳಗಿನ ತಾರೀಕುಗಳಷ್ಟೇ ಇದ್ದಿದ್ದರೆ ತಪ್ಪು ಗೊತ್ತಾಗದೆ ಮುಂದೆ ಹೋಗುತ್ತಿತ್ತು.

ಎರಡನೆಯ ತಪ್ಪು ಮಾತ್ರ ಅಚ್ಚಾಗಿ ಜನರ ಕೈ ಸೇರಿತು. ತಾರೀಕು ಹೀಗೆ ಕಾಣಬೇಕು ಎಂದು ಹೇಳಲು ಈ ಫಂಕ್ಷನ್‌ಗೆ ಒಂದು ನಮೂನೆ ಕೊಡಬೇಕು: ದಿನಕ್ಕೆ ಎರಡು ಡಿ, ತಿಂಗಳಿಗೆ ಎರಡು ಎಂ, ವರ್ಷಕ್ಕೆ ನಾಲ್ಕು ವೈ. ಎಕ್ಸೆಲ್ ಸೆಲ್‌ಗಳಲ್ಲಿ ವರ್ಷಗಟ್ಟಲೆ ಬರೆದ ಅಭ್ಯಾಸದಿಂದ ಎಲ್ಲವನ್ನೂ ಸ್ಮಾಲ್ ಅಕ್ಷರದಲ್ಲೇ ಹಾಕಿದೆ. ಎಕ್ಸೆಲ್ ಸೆಲ್‌ನಲ್ಲಿ ಎಂ ಎಂದರೆ ತಿಂಗಳೋ ನಿಮಿಷವೋ ಎಂಬುದನ್ನು ಅಕ್ಕಪಕ್ಕದ ಅಕ್ಷರ ನೋಡಿ ಅದೇ ಗುರುತಿಸುತ್ತದೆ. ಎಂ ಭಾಷೆಯಲ್ಲಿ ಹಾಗಲ್ಲ. ಕ್ಯಾಪಿಟಲ್ ಎಂ ತಿಂಗಳು, ಸ್ಮಾಲ್ ಎಂ ನಿಮಿಷ. ಜುಲೈ 3ರ ಬೆಳಗ್ಗೆ 6 ಗಂಟೆ 12 ನಿಮಿಷಕ್ಕೆ ಹಾಕಿದ ಹಾಲು ಚೀಟಿಯ ಮೇಲೆ 03-12-2024 ಎಂದು ಬಂತು. 47 ನಿಮಿಷಕ್ಕೆ ಬಂದವರ ಸಾಲು 03-47-2024 ಆಗಿತ್ತು. ನಾನು ಮೊತ್ತವನ್ನಷ್ಟೇ ತಾಳೆ ನೋಡಿ ಹಂಚಿಬಿಟ್ಟಿದ್ದೆ. ಎರಡು ಎಮ್ಮೆ ಸಾಕಿರುವ ಒಬ್ಬ ಹಿರಿಯರು ಚೀಟಿ ಹಿಡಿದು ವಾಪಸು ಬಂದರು.

“ಹನ್ನೆರಡನೆಯ ತಿಂಗಳು ಇನ್ನೂ ಬಂದೇ ಇಲ್ಲವಲ್ಲಮ್ಮ, ಆಗಲೇ ಹಾಲು ಹಾಕಿದ್ದೇನೆ ಎಂದು ಬರೆದಿದ್ದೀಯ?”

ಅವರ ದುಡ್ಡಿನಲ್ಲಿ ಒಂದು ಪೈಸೆಯೂ ವ್ಯತ್ಯಾಸ ಇರಲಿಲ್ಲ. ಆದರೂ ತಾರೀಕೇ ತಪ್ಪಿದ್ದರೆ ಲೀಟರನ್ನು ಹೇಗೆ ನಂಬುವುದು ಎಂದು ಅವರು ಕೇಳಿದ್ದು ನ್ಯಾಯವೇ ಆಗಿತ್ತು. ಅಷ್ಟೂ ಚೀಟಿಗಳನ್ನು ಹಿಂದಕ್ಕೆ ತೆಗೆದುಕೊಂಡು ಅಂದು ರಾತ್ರಿಯೇ ಹೊಸದಾಗಿ ಅಚ್ಚು ಹಾಕಿದೆ. ಬದಲಿಸಿದ್ದು ಎರಡೇ ಅಕ್ಷರ.

ಗಂಟೆಯ ವಿಷಯದಲ್ಲೂ ಇದೇ ಎಚ್ಚರ ಬೇಕು, ಹಾಲಿನ ಲೆಕ್ಕದವರಿಗಂತೂ ಇನ್ನೂ ಹೆಚ್ಚು. ಕ್ಯಾಪಿಟಲ್ ಎಚ್ ಎರಡು ಹಾಕಿದರೆ 24 ಗಂಟೆಯ ಲೆಕ್ಕ, ಸ್ಮಾಲ್ ಎಚ್ ಎರಡು ಹಾಕಿದರೆ 12 ಗಂಟೆಯದು. ಸ್ಮಾಲ್ ಹಾಕಿ ಸುಮ್ಮನಾದರೆ ಸಂಜೆ 5:40ರ ಹಾಲು 05:40 ಎಂದೇ ಬಂದು, ಒಬ್ಬರೇ ಒಂದೇ ಬೆಳಗ್ಗೆ ಎರಡು ಸಲ ಹಾಲು ಹಾಕಿದಂತೆ ಕಾಣುತ್ತದೆ. ಜೊತೆಗೆ ಎರಡು ಟಿ ಸೇರಿಸಿದರೆ ಹೊತ್ತಿನ ಗುರುತೂ ಬರುತ್ತದೆ. ಕನ್ನಡ ಆರಿಸಿಕೊಂಡಿದ್ದರೆ ಅದು ‘ಪೂರ್ವಾಹ್ನ’, ‘ಅಪರಾಹ್ನ’ ಎಂದು ಬರೆಯುತ್ತದೆ. ಪದ ಸರಿಯೇ, ಆದರೆ ಡೇರಿ ಬಾಗಿಲಲ್ಲಿ ಕ್ಯಾನ್ ಹಿಡಿದು ನಿಂತವರು ಯಾರೂ ಅಪರಾಹ್ನದ ಹಾಲು ಎನ್ನುವುದಿಲ್ಲ. ಗಂಟೆ ಹನ್ನೆರಡಕ್ಕಿಂತ ಕಡಿಮೆ ಇದ್ದರೆ ‘ಬೆಳಗ್ಗೆ’, ಇಲ್ಲದಿದ್ದರೆ ‘ಸಂಜೆ’ ಎಂದು ಬರುವಂತೆ ಒಂದು ಷರತ್ತು ಬರೆದುಕೊಂಡೆ.

ಈಗ ನನಗೆ ಅತ್ಯಂತ ಸಂತೋಷ ಕೊಟ್ಟ ಭಾಗ. ನಮೂನೆಯ ಜೊತೆ ಕಲ್ಚರ್ ಎಂಬ ಇನ್ನೊಂದು ಮಾಹಿತಿಯನ್ನೂ, ಅಂದರೆ ಯಾವ ಭಾಷೆ, ಯಾವ ದೇಶ ಎಂಬ ಗುರುತನ್ನೂ ಕೊಡಬಹುದು. ಅಲ್ಲಿ ಕೆಎನ್-ಐಎನ್ (ಕನ್ನಡ, ಭಾರತ) ಎಂದು ಬರೆದು, ನಮೂನೆಯಲ್ಲಿ ನಾಲ್ಕು ಕ್ಯಾಪಿಟಲ್ ಎಂ, ನಾಲ್ಕು ಡಿ ಹಾಕಿದರೆ ‘3 ಜುಲೈ 2024, ಬುಧವಾರ’ ಎಂದು ಅಚ್ಚುಕಟ್ಟಾಗಿ ಬರುತ್ತದೆ. ವಾರದ ಹೆಸರು ಬಂದದ್ದೇ ಚೀಟಿ ನೋಡುವ ರೀತಿ ಬದಲಾಯಿತು. ನಮ್ಮವರಿಗೆ ತಾರೀಕಿಗಿಂತ ವಾರ ಚೆನ್ನಾಗಿ ನೆನಪಿರುತ್ತದೆ. ‘ಬುಧವಾರ ಹಸು ಕೆಚ್ಚಲು ಬಾವಿನಿಂದ ಹಾಲು ಕೊಡಲಿಲ್ಲ’ ಎಂದು ಅವರೇ ತಾಳೆ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ತೆಲುಗು ಆಡಿ, ಶಾಲೆಯಲ್ಲಿ ಕನ್ನಡ ಓದಿದವರು ನಮ್ಮ ಕಡೆ ಹೆಚ್ಚು. ಕಲ್ಚರ್ ಜಾಗದಲ್ಲಿ ಟಿಇ-ಐಎನ್ ಎಂದರೆ ಅದೇ ಸಾಲು ತೆಲುಗಿನಲ್ಲೂ ಬರುತ್ತದೆ. ಬೇಕೇ ಎಂದು ಕೇಳಿದೆ, ಓದಲು ಕನ್ನಡವೇ ಇರಲಿ ಎಂದರು.

ನಮೂನೆಯೊಳಗೆ ಕನ್ನಡ ಅಕ್ಷರಗಳನ್ನು ನೇರವಾಗಿ ಸೇರಿಸಬಹುದು ಎಂಬುದೂ ಒಂದು ಅನುಕೂಲ. ವರ್ಷದ ಮುಂದೆ ‘ರ’ ಎಂದು ಬರೆದರೆ ‘2024ರ’ ಎಂದೇ ಬರುತ್ತದೆ, ಕನ್ನಡಕ್ಕೆ ಅಲ್ಲಿ ಬೇರೆ ಅರ್ಥವಿಲ್ಲವಾದ್ದರಿಂದ ಅದನ್ನು ಹಾಗೆಯೇ ಬಿಡುತ್ತದೆ. ಇಂಗ್ಲಿಷಿನಲ್ಲಿ ‘ಡೇ’ ಎಂದು ಬರೆದಿರೋ, ಅದರ ಡಿ ದಿನದ ಸಂಖ್ಯೆಯಾಗಿ, ವೈ ವರ್ಷವಾಗಿ ಹೋಗುತ್ತದೆ. ಇಂಗ್ಲಿಷ್ ಪದ ಬೇಕೇ ಬೇಕಿದ್ದರೆ ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಬರುವ ಅಕ್ಷರಗಳು ಯೂನಿಕೋಡ್‌ನವು, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತದವು. ನಮ್ಮ ಚೀಟಿಯ ಹಳೆಯ ನಮೂನೆ ಯೂನಿಕೋಡ್ ಅಲ್ಲದ ಹಿಂದಿನ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿತ್ತು, ಅದನ್ನು ಒಮ್ಮೆ ಕೂತು ತಿದ್ದಬೇಕಾಯಿತು.

ಒಂದು ಮಾತನ್ನು ಹೊಸಬರಿಗೆ ಒತ್ತಿ ಹೇಳುತ್ತೇನೆ. ಅಕ್ಷರವಾದ ತಾರೀಕು ತಾರೀಕಾಗಿ ಉಳಿಯುವುದಿಲ್ಲ. ಅದರಿಂದ ದಿನ ಕಳೆಯಲು ಹೋದರೆ ಎರರ್, ಅನುಕ್ರಮದಲ್ಲಿ ಜೋಡಿಸಲು ಹೋದರೆ 1 ಜುಲೈ ಆದ ಮೇಲೆ 10 ಜುಲೈ, 11 ಜುಲೈ, ಎಲ್ಲ ಮುಗಿದ ಮೇಲೆ 2 ಜುಲೈ. ಆದ್ದರಿಂದ ಮೂಲ ಕಂಬಸಾಲನ್ನು ಮುಟ್ಟದೆ ಪಕ್ಕದಲ್ಲಿ ಹೊಸ ಕಂಬಸಾಲು ಸೇರಿಸಿ, ಜೋಡಿಸುವುದು, ಕೂಡುವುದು ಎಲ್ಲ ಮುಗಿದ ಮೇಲೆ ಕೊನೆಯ ಹಂತದಲ್ಲಿ ಅಕ್ಷರ ಮಾಡಿ. ತಾರೀಕು ಖಾಲಿ ಇದ್ದರೆ ಉತ್ತರವೂ ಖಾಲಿ. ಅದಕ್ಕೆ ಬೇರೆ ಪದ ಅಂಟಿಸಿದರೆ ಆ ಪದವೂ ಕಾಣುವುದಿಲ್ಲ.

ಕೊರತೆ ಎನ್ನಬೇಕಾದ್ದು ಒಂದಿದೆ. ಕನ್ನಡ ಆರಿಸಿದರೂ ತಿಂಗಳು, ವಾರ ಮಾತ್ರ ಕನ್ನಡ, ಅಂಕಿಗಳು ಇಂಗ್ಲಿಷಿನವೇ. ‘೩ ಜುಲೈ ೨೦೨೪’ ಎಂದು ಬರೆಸುವ ನಮೂನೆ ಅದರಲ್ಲಿಲ್ಲ. ನಮ್ಮ ಸಂಘದಲ್ಲಿ ನಾಲ್ವರು ಅಜ್ಜಿಯರು ಕನ್ನಡ ಅಂಕಿಯನ್ನಷ್ಟೇ ಓದಬಲ್ಲರು. ಅವರಿಗಾಗಿ ಟೆಕ್ಸ್ಟ್.ರಿಪ್ಲೇಸ್ ಎಂಬ ಫಂಕ್ಷನ್ ಬಳಸಿ 0ಗೆ ೦, 1ಕ್ಕೆ ೧ ಎಂದು ಹತ್ತು ಅಂಕಿಗೆ ಹತ್ತು ಬಾರಿ ಬದಲಿಸುವ ಸಾಲುಗಳನ್ನು ಬರೆದೆ. ಸದಸ್ಯರ ಪಟ್ಟಿಯಲ್ಲಿ ‘ಅಂಕಿ’ ಎಂಬ ಹೊಸ ಕಂಬಸಾಲು ಸೇರಿಸಿ ಆ ನಾಲ್ವರ ಮುಂದೆ ‘ಕನ್ನಡ’ ಎಂದು ಗುರುತು ಹಾಕಿದ್ದೇನೆ. ಅವರ ಚೀಟಿ ಮಾತ್ರ ಆ ಸಾಲುಗಳನ್ನು ದಾಟಿ ಬರುತ್ತದೆ, ಲೀಟರು ದುಡ್ಡು ಸಮೇತ.