ಗೀಟು ಎಳೆದ ಬೆಲೆ

ಮೊದಲು ಒಳ್ಳೆಯ ಮಾತು ಹೇಳಿಬಿಡುತ್ತೇನೆ. ಆನ್‌ಲೈನ್ ಅಂಗಡಿಯಿಂದ ತರಿಸಿದ ಡಿಸ್ಕ್ ಚೆನ್ನಾಗಿದೆ. ಮೂರನೆಯ ದಿನಕ್ಕೇ ಶಿವಮೊಗ್ಗದ ನಮ್ಮ ಮನೆಗೆ ಬಂತು, ಡಬ್ಬಿಯ ಮೂಲೆ ಕೂಡ ನಜ್ಜಾಗಿರಲಿಲ್ಲ. ಹಳೆಯ ಕಪ್ಪು ಬಿಳುಪು ಚಿತ್ರದ ಬ್ಲೂ-ರೇ. ಮಳೆಯ ದೃಶ್ಯದಲ್ಲಿ ಹನಿ ಹನಿಯೂ ಕಾಣುತ್ತದೆ. ನನ್ನ ತಕರಾರು ಇರುವುದು ಬೆಲೆಯ ಬಗ್ಗೆ.

ಮೂವತ್ತು ವರ್ಷ ಬೇರೆಯವರ ಲೆಕ್ಕಪತ್ರ ತಪಾಸಣೆ ಮಾಡಿದ ಕೈ ನಿವೃತ್ತಿಯ ಮೇಲೂ ಸುಮ್ಮನಿರುವುದಿಲ್ಲ. ಈ ಡಿಸ್ಕಿನ ಬೆಲೆಯನ್ನು ಜುಲೈ ತಿಂಗಳಿಂದ ನೋಟುಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದೆ. ಜುಲೈಯಲ್ಲಿ 699 ರೂಪಾಯಿ, ರಿಯಾಯಿತಿಯ ಸುದ್ದಿಯೇ ಇಲ್ಲ. ಆಗಸ್ಟ್‌ನಲ್ಲಿ 749. ದಸರಾ ಮಾರಾಟಕ್ಕೆ ಒಂದು ವಾರ ಇರುವಾಗ ಏಕಾಏಕಿ 1,199. ಮಾರಾಟದ ದಿನ 1,499ರ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಮತ್ತೆ ಅದೇ 699. ‘ಶೇ. 53 ಉಳಿತಾಯ, ಇನ್ನು ಎರಡೇ ಉಳಿದಿವೆ.’ ಎಲ್ಲ ಗೊತ್ತಿದ್ದೂ ‘ಎರಡೇ’ ಎಂಬ ಮಾತಿಗೆ ಬಿದ್ದೆ.

ಡಬ್ಬಿ ಬಂದ ಮೇಲೆ ಹಿಂಬದಿಯ ಚೀಟಿಗೆ ಭೂತಗನ್ನಡಿ ಹಿಡಿದೆ. ಎಂಆರ್‌ಪಿ, ಎಲ್ಲ ತೆರಿಗೆ ಸೇರಿ, 799! ನಮ್ಮಲ್ಲಿ ಪೊಟ್ಟಣದ ಸರಕಿನ ಮೇಲೆ ಈ ಬೆಲೆ ಅಚ್ಚಾಗಿರಬೇಕು, ಅದನ್ನು ಮೀರಿ ಮಾರುವಂತಿಲ್ಲ. 2018ರ ಜನವರಿಯಿಂದ ಆನ್‌ಲೈನ್ ಅಂಗಡಿಯ ಪುಟದಲ್ಲೂ ತೋರಿಸಬೇಕು. ಹಾಗಾದರೆ 1,499 ಎಲ್ಲಿಂದ ಬಂತು? ಗೀಟು ಎಳೆಸಿಕೊಳ್ಳಲೆಂದೇ ಹುಟ್ಟಿದ ಸಂಖ್ಯೆ ಅದು. ನನಗೆ ನಿಜವಾಗಿ ಉಳಿದದ್ದು ನೂರು ರೂಪಾಯಿ, ಅದರಲ್ಲಿ ಸಾಗಣೆಗೆ 49 ಹೋಯಿತು.

ಅದೇ ಸಂಜೆ ಸೊಸೆಯ ಮೊಬೈಲಿನಲ್ಲಿ ಅದೇ ಡಿಸ್ಕಿಗೆ 649 ಎಂದಿತ್ತು. ಅವಳು ಆ ಅಂಗಡಿಯ ಮೆಟ್ಟಿಲು ಹತ್ತಿದವಳೇ ಅಲ್ಲ, ನಾನು ಆರು ವರ್ಷದ ಗಿರಾಕಿ. ಈ ಆಟ ಹೊಸದೇನಲ್ಲ. 2000ದಲ್ಲಿ ಅಮೆರಿಕದಲ್ಲಿ ಅಮೆಜಾನ್ ಒಂದೇ ಡಿವಿಡಿಗೆ ಒಬ್ಬೊಬ್ಬರಿಗೆ ಒಂದೊಂದು ಬೆಲೆ ತೋರಿಸಿ ಸಿಕ್ಕಿಬಿದ್ದಿತ್ತು. ಅದು ಬರಿಯ ಪ್ರಯೋಗ, ಗಿರಾಕಿಯ ಜಾತಕ ನೋಡಿ ಬೆಲೆ ಹಾಕಿದ್ದಲ್ಲ ಎಂದು ಅದರ ಸ್ಥಾಪಕ ಜೆಫ್ ಬೆಜೋಸ್ ಸಮಜಾಯಿಷಿ ಕೊಟ್ಟರು. 6,896 ಮಂದಿಗೆ ತಲಾ ಸರಾಸರಿ 3.10 ಡಾಲರ್ ಹಿಂದಿರುಗಿಸಿದರು. ನನಗೆ ಯಾರೂ ಏನೂ ಹಿಂದಿರುಗಿಸಲಿಲ್ಲ.

2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಕೊಡತೊಡಗಿದಾಗ ಸಂತೆಗೆ ಹೋದವನಂತೆ ಕೈಚೀಲ ತುಂಬಿ ತಂದಿದ್ದೆ. ಆ ಬೆಲೆಗೆ ಗೀಟೂ ಇರಲಿಲ್ಲ, ಶೇಕಡಾವಾರೂ ಇರಲಿಲ್ಲ. ಅದರ ಎಷ್ಟೋ ಡಿಸ್ಕುಗಳು ಈಗಲೂ ಓಡುತ್ತವೆ.

ಡಿಸ್ಕಿಗೆ ನಾಲ್ಕು ನಕ್ಷತ್ರ, ಬೆಲೆಗೆ ಒಂದು. ಚೀಟಿಯ ಫೋಟೊ ತೆಗೆದು ಗ್ರಾಹಕ ಸೇವೆಗೆ ಕಳುಹಿಸಿದೆ. ಕ್ಷಮೆ ಕೇಳಿ ನೂರು ರೂಪಾಯಿಯ ಕೂಪನ್ ಕೊಟ್ಟಿದ್ದಾರೆ. 999 ರೂಪಾಯಿಗೆ ಮೇಲ್ಪಟ್ಟ ಖರೀದಿಗೆ ಮಾತ್ರ. ಅಷ್ಟು ಬೆಲೆಯ ಬ್ಲೂ-ರೇ ಯಾವುದಿದೆ ಎಂದು ಅವರ ಪುಟದಲ್ಲಿ ಹುಡುಕಿದೆ. ಒಂದೇ ಒಂದು ಸಿಕ್ಕಿತು: ನಾನು ಕೊಂಡದ್ದೇ, ಈಗ 1,199.