ಚಾನೆಲ್ಲಿಗೆ ಬಂದವರು ಯಾರು? ಹೆಕ್ಸ್‌ಚಾಟ್, ಇರ್ಸಿ, ವೀಚಾಟ್ ಹೋಲಿಕೆ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಗೆಳೆಯರ ನಮ್ಮ ಐಆರ್‌ಸಿ (ಬರಹದಲ್ಲೇ ಹರಟುವ ಹಳೆಯ ಅಂತರ್ಜಾಲ ವ್ಯವಸ್ಥೆ) ಚಾನೆಲ್ಲಿನಲ್ಲಿ ಹಲವರು ಈಗ ಕೊಲ್ಲಿ ದೇಶಗಳಲ್ಲಿದ್ದಾರೆ. ನಿಕ್ (ಅಲ್ಲಿ ಬಳಸುವ ಅಡ್ಡಹೆಸರು) ನೋಡಿದರೆ ಆಳು ಯಾರೆಂದು ತಿಳಿಯುವುದಿಲ್ಲ. ಯಾರಾದರೂ ಒಳಬಂದ ಕೂಡಲೇ ಅವರ ಪೂರ್ಣ ಹೆಸರು, ಎಷ್ಟು ಹೊತ್ತಿನಿಂದ ಮಾತಿಲ್ಲದೆ ಇದ್ದಾರೆ ಎಂಬುದು ಒಂದೇ ಸಾಲಿನಲ್ಲಿ ಕಾಣಬೇಕೆಂದು ಹೆಕ್ಸ್‌ಚಾಟ್, ಇರ್ಸಿ, ವೀಚಾಟ್ ಎಂಬ ಮೂರು ಕ್ಲೈಂಟ್‌ಗಳಿಗೂ (ಐಆರ್‌ಸಿ ಬಳಸುವ ತಂತ್ರಾಂಶಗಳಿಗೂ) ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆದೆ.

ಒಬ್ಬರ ವಿವರ ಕೇಳುವ ಹೂಈಸ್ ಆಜ್ಞೆ ಕೊಟ್ಟರೆ ಸರ್ವರ್ ಸಂಖ್ಯೆ ಹಚ್ಚಿದ ಸಾಲುಗಳಲ್ಲಿ ಉತ್ತರಿಸುತ್ತದೆ: 311ರಲ್ಲಿ ಹೆಸರು, 317ರಲ್ಲಿ ಸುಮ್ಮನಿದ್ದ ಸೆಕೆಂಡುಗಳು, 318 ಬಂದರೆ ಮುಗಿಯಿತು. 4380 ಸೆಕೆಂಡನ್ನು ‘1 ಗಂಟೆ 13 ನಿಮಿಷ’ ಮಾಡುವುದು ಎಲ್ಲ ಕಡೆಯೂ ಸುಲಭ. ತೊಡಕಿರುವುದು ಬೇರೆ ಕಡೆ. ಸ್ಕ್ರಿಪ್ಟ್ ಕೇಳಿದ ಹೂಈಸ್‌ನ ಉತ್ತರ ಪರದೆಗೆ ಬರಬಾರದು. ನಾನು ಕೈಯಾರೆ ಕೇಳಿದ್ದು ಬರಲೇಬೇಕು.

ಹೆಕ್ಸ್‌ಚಾಟ್‌ನಲ್ಲಿ ಪೈಥಾನ್ ಭಾಷೆ ಬಳಸಿದೆ. ಬಂದ ಸಾಲನ್ನು ನುಂಗಿಬಿಡಬಹುದು, ಆದರೆ ಯಾವುದು ಯಾರು ಕೇಳಿದ್ದೆಂಬ ಲೆಕ್ಕವನ್ನು ಸ್ಕ್ರಿಪ್ಟೇ ಇಟ್ಟುಕೊಳ್ಳಬೇಕು. ಇರ್ಸಿ (ಪರ್ಲ್) ಮತ್ತು ವೀಚಾಟ್‌ನಲ್ಲಿ ಆ ತಲೆನೋವಿಲ್ಲ. ಉತ್ತರವನ್ನು ನೇರ ಸ್ಕ್ರಿಪ್ಟಿನ ಕಡೆಗೆ ತಿರುಗಿಸುವ ಏರ್ಪಾಡು ಎರಡರಲ್ಲೂ ಇದೆ. ವೀಚಾಟ್‌ನದು ನನಗೆ ಹೆಚ್ಚು ಹಿಡಿಸಿತು: ‘ಹೂಈಸ್’ ಎಂಬ ಸಿದ್ಧ ಮಾದರಿಯನ್ನು ಹೆಸರಿಸಿದರೆ ಸಾಕು, ಇಡೀ ಉತ್ತರ ಒಂದೇ ಗಂಟಾಗಿ ಕೈಗೆ ಬರುತ್ತದೆ. ಪೈಥಾನ್, ಲುವಾ, ರೂಬಿ, ಯಾವುದರಲ್ಲಿ ಬೇಕಾದರೂ ಬರೆಯಬಹುದು.

ಇಷ್ಟಾದರೂ ಕನ್ನಡದ ಪ್ರಶ್ನೆಯೊಂದು ಉಳಿಯುತ್ತದೆ, ನಮಗೆ ಅದೇ ಮುಖ್ಯ. ನಮ್ಮವರು ಹೆಸರನ್ನು ಕನ್ನಡದಲ್ಲೇ ಬರೆದಿದ್ದಾರೆ. ನನ್ನ ಟರ್ಮಿನಲ್‌ನಲ್ಲಿ (ಬರಿಯ ಅಕ್ಷರಗಳ ಕಿಟಕಿಯಲ್ಲಿ) ‘ಲಕ್ಷ್ಮೀನಾರಾಯಣ’ದ ಒತ್ತಕ್ಷರಗಳು ಚದುರಿ, ಬಲಬದಿಯ ನಿಕ್ ಪಟ್ಟಿಯ ಗೆರೆಯೇ ಸೊಟ್ಟಗಾಗುತ್ತದೆ. ಟರ್ಮಿನಲ್‌ನಲ್ಲಿ ಓಡುವ ಇರ್ಸಿ, ವೀಚಾಟ್ ಎರಡರಲ್ಲೂ ಇದೇ ಪಾಡು. ಹೆಕ್ಸ್‌ಚಾಟ್‌ನ ಕಿಟಕಿಯಲ್ಲಿ ಅದೇ ಹೆಸರು ಅಚ್ಚುಕಟ್ಟಾಗಿ ಮೂಡುತ್ತದೆ. ಬೇಸರವೆಂದರೆ 2024ರ ಫೆಬ್ರವರಿಯಲ್ಲಿ ಬಂದ 2.16.2ನೇ ಆವೃತ್ತಿಯೇ ಕೊನೆಯದೆಂದು ಅದರ ತಂಡ ಘೋಷಿಸಿದೆ.

ಹಾಗಾಗಿ ನಾನು ವೀಚಾಟ್‌ನಲ್ಲೇ ನಿಂತೆ. ಅದರ ರಿಲೇ (ಬೇರೆ ಕಡೆಯಿಂದ ಅದಕ್ಕೆ ಸೇರುವ ದಾರಿ) ತೆರೆದು ಬ್ರೌಸರಿನಲ್ಲಿ ಗ್ಲೋಯಿಂಗ್ ಬೇರ್ ಎಂಬ ವೆಬ್ ಪುಟದ ಮೂಲಕ ನೋಡಿದರೆ ಕನ್ನಡ ಸರಿಯಾಗಿ ಕಾಣುತ್ತದೆ, ಮೊಬೈಲ್‌ನಲ್ಲೂ ಕೂಡ. ಅಲ್ಲೂ ಕಾಣಬೇಕಾದರೆ ಮಾಹಿತಿಯನ್ನು ಮಾತ್ರ ಕೆಳಗಿನ ಬಾರ್‌ಗೆ ಹಾಕದೆ ಚಾನೆಲ್ಲಿನೊಳಗೇ ಸಾಲಾಗಿ ಮುದ್ರಿಸಬೇಕು.

ಯಾವ ಕ್ಲೈಂಟ್ ಆದರೂ ಹೂಈಸ್‌ಗಳ ನಡುವೆ ಬಿಡುವು ಇಡಿ. ಸರ್ವರ್‌ಗಳ ಸಂಪರ್ಕ ಕಡಿದು ಮತ್ತೆ ಕೂಡಿದಾಗ ಎಲ್ಲರೂ ಒಮ್ಮೆಗೇ ಒಳಬರುತ್ತಾರೆ. ಎಲ್ಲರ ಬಗ್ಗೆಯೂ ಒಟ್ಟಿಗೆ ಕೇಳಿದರೆ ಸರ್ವರ್ ನಿಮ್ಮನ್ನೇ ಹೊರಹಾಕಬಹುದು.